ಕವರಿಲ್ಲದ ಕಾರ್ಡು

ಮಧ್ಯಾಹ್ನದ ಬಿಸಿಲು ಆಟದ ಕಾರ್ಡಿನ ಪ್ಲಾಸ್ಟಿಕ್ ಕವರಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತಿದೆ, ಒಳಗಿನ ಚಿತ್ರದ ಕೋಟೆ ಕಾವಲುಗಾರನ ಮುಖವೇ ಕಾಣದು, ಪರದೆ ಎಳೆಯಬೇಕು, ಏಳಬೇಕು, ಏಳುವವರು ಯಾರು — ಪರದೆ ಎಳೀರಿ, ಮಸೂರ ಉಜ್ಜೋ ಕಣ್ಣು ಅದು, ಊರಿಗೆಲ್ಲಾ ಕನ್ನಡಕ ಮಾಡ್ಕೊಡ್ತೀರಿ, ಎದುರಿಗಿರೋದು ಮಾತ್ರ ನಿಮಗೆ ಕಾಣಲ್ಲ, ಎನ್ನುತ್ತಿದ್ದಳು ಹೆಂಡತಿ, ಅವಳು ಹೋದ ಮೇಲೂ ಈ ಮೇಜಿನ ಮುಂದೆ ಕೂತರೆ ಅವಳದೇ ಮಾತು. ಕಾವಲುಗಾರನನ್ನು ಎತ್ತಿ ಪಕ್ಕಕ್ಕಿಟ್ಟ. ಈ ಕಾರ್ಡು ಹೋಗಬೇಕು. ನಲವತ್ತು ಕಾರ್ಡಿನ ಕಟ್ಟು, ಒಂದು ಒಳಗೆ ಬರಬೇಕಾದರೆ ಒಂದು ಹೊರಗೆ ಹೋಗಬೇಕು, ಆಟದ ನಿಯಮ, ಅದಕ್ಕೆ ದಾಕ್ಷಿಣ್ಯವಿಲ್ಲ. ಜೊತೆಗಾರನಿಗೆ ಬೀಳುವ ಏಟನ್ನು ತಾನು ತಿನ್ನುತ್ತಾನೆ ಎಂದು ಕಾವಲುಗಾರನ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ, ಸೇತುವೆಯ ಮುದುಕಿಯ ಕೆಳಗೆ ಜೊತೆಗಾರ ದಾಟುವವರೆಗೆ ಸೇತುವೆ ಬೀಳದು ಎಂದು, ಸೊಪ್ಪಿನವಳು ಒಣಗಿಸುವುದೂ ಜೊತೆಗಾರನ ಗಾಯವನ್ನೇ, ಕಟ್ಟಿನ ತುಂಬ ಜೊತೆಗಾರ, ಜೊತೆಗಾರ, ಮದುವೆಯಾದಾಗಿನಿಂದ ಜೋಡಿ ಆಟವನ್ನೇ ಆಡಿಕೊಂಡು ಬಂದವನ ಕಟ್ಟು ಇನ್ನು ಹೇಗಿರುತ್ತದೆ. ಅವಳು ಹೊಡೆಯುವವಳು, ಇವನು ತಡೆಯುವವನು. ಶಾಲೆಯ ಬಸ್ಸು ಓಡಿಸುವ ಹೆಂಗಸು, ಎದುರಿಗೆ ಬಂದ ಲಾರಿಯವನೇ ಬದಿಗೆ ಸರಿಯಬೇಕು, ಆಟದಲ್ಲೂ ಆನೆ ನಡೆದದ್ದೇ ದಾರಿ, ಎದುರಿನವರು ಕಾರ್ಡು ಜೋಡಿಸಿಕೊಳ್ಳುವಷ್ಟರಲ್ಲಿ ಕೆಂಪು ಡ್ರ್ಯಾಗನ್ ಇಳಿಸಿ ಎಲ್ಲ ಸುಟ್ಟು ಬೂದಿ ಮಾಡಿ ಇವನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದಳು, ಇವನು ಅವಳ ಹಿಂದೆ ಇಟ್ಟಿಗೆ ಇಟ್ಟಿಗೆಯಾಗಿ ಗೋಡೆ ಕಟ್ಟುತ್ತಿದ್ದ, ನಿಮ್ಮನೇಲಿ ಡ್ರ್ಯಾಗನ್ ಅವರು, ಬಾಗಿಲು ನೀವು, ಎಂದು ಆಟದಂಗಡಿಯವನು ನಗುತ್ತಿದ್ದ. ಹೌದಪ್ಪ, ಬಾಗಿಲು. ಕೋಟೆ ಸೂರೆ ಹೋದ ಮೇಲೆ ಹಾಕಿದ ದಿಡ್ಡಿ ಬಾಗಿಲು. ಮುದುಕಿಯನ್ನೂ ಎತ್ತಿ ಪಕ್ಕಕ್ಕಿಟ್ಟ.

ಫೋನು ಮೇಜಿನ ಮೇಲೆ ಗುಂಯ್ ಎಂದು ನಡುಗುತ್ತದೆ, ನಾದಿನಿ, ಅಕ್ಕನದೇ ದನಿ, ಒಂದು ಗಳಿಗೆ ಅವಳೇ ಎನಿಸುತ್ತದೆ, ಪ್ರತಿ ಸಲವೂ — ಭಾವ, ನಾಳೆ ಬರ್ತೀರಲ್ಲ, ಒಂಟಿ ಆಟದ ಪಂದ್ಯಕ್ಕೆ ನಿಮ್ಮ ಹೆಸರು ಕೊಟ್ಟಾಗಿದೆ, ಈಗ ಇಲ್ಲ ಅಂದ್ರೆ ನಾನು ಬಿಟ್ರೂ ಅಕ್ಕ ಬಿಡಲ್ಲ, ಬರ್ತೀನಮ್ಮ, ಕಟ್ಟು ಸರಿ ಮಾಡ್ತಾ ಇದೀನಿ, ಅಕ್ಕ ಮಾಡ್ಕೊಟ್ಟಿದ್ಲಲ್ಲ ಭಾವ ಅದೇ ಕಟ್ಟಾ, ಹ್ಞೂಂ ಅದೇ, ಎಂದ, ಸುಳ್ಳು, ಬಾಯಿಗೆ ಬಂದದ್ದು. ಅದೇ ಆಗಿದ್ದರೆ ಇಷ್ಟು ಹೊತ್ತು ಇಲ್ಲಿ ಯಾಕೆ ಕೂತಿರುತ್ತಿದ್ದ. ಆಸ್ಪತ್ರೆಯ ಹಾಸಿಗೆಯ ಮೇಲೆ, ಊಟದ ತಟ್ಟೆ ಇಡುವ ಗಾಲಿಮೇಜನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡು ಅವಳು ಮಾಡಿಕೊಟ್ಟದ್ದು. ರೀ, ನಿಮ್ಮ ಕಟ್ಟು ಕೊಡಿ ಇಲ್ಲಿ, ಇದ್ರಲ್ಲಿ ಹೊಡೆಯೋದು ಒಂದಾದ್ರೂ ಇದೆಯಾ, ಬರೀ ಕಾಯೋರೇ, ಯಾರನ್ನ ಕಾಯ್ತಾರೆ ಇವರು, ನಾನು ಹೋದ್ಮೇಲೆ ಒಂದೇ ಒಂದು ಆಟ ಒಬ್ಬರೇ ಆಡಿ ಗೆದ್ದು ಬನ್ನಿ, ನನಗೆ ಅಷ್ಟು ಸಾಕು. ಬಿಡ್ತು ಅನ್ನು, ಏನು ಮಾತು ಅಂತ ಆಡ್ತೀಯ. ಬಿಡ್ತು, ಬಿಡ್ತು, ಕಾರ್ಡು ಕೊಡಿ ಈಗ. ತನ್ನ ಡಬ್ಬದಿಂದ ಒಂದೊಂದೇ ತೆಗೆದು ಇವನ ಕಟ್ಟಿಗೆ ಸೇರಿಸುತ್ತಿದ್ದಳು, ಕವರು ಹಾಕಲು ಬೆರಳಿಗೆ ಬಲವಿಲ್ಲ, ಹಾಗೇ ಬರಿಮೈಯ ಕಾರ್ಡು, ಇವನ ಮುದುಕಿಯರನ್ನೂ ಕಾವಲುಗಾರರನ್ನೂ ಎತ್ತಿ ದಿಂಬಿನ ಕಡೆ ಎಸೆಯುತ್ತಿದ್ದಳು, ನಗುತ್ತಿದ್ದಳು, ನಗು ಕೆಮ್ಮಾಗುತ್ತಿತ್ತು. ಇವನು ಸರಿ ಸರಿ ಎಂದು ತಲೆಯಾಡಿಸಿ ಕಟ್ಟನ್ನು ಜೇಬಿಗಿಟ್ಟುಕೊಂಡು, ಅವಳ ಡಬ್ಬವನ್ನೂ ಹಿಡಿದುಕೊಂಡು ಬಂದು, ಇದೇ ಮೇಜು, ಇದೇ ಕುರ್ಚಿ, ಎಲ್ಲವನ್ನೂ ಬಿಚ್ಚಿ ಮೊದಲಿದ್ದಂತೆ ಮಾಡುತ್ತಿದ್ದ. ಒಂಟಿ ಆಟದ ಕಟ್ಟು ಮನೆಯೊಳಗೆ ಇರಕೂಡದು, ಇದ್ದರೆ ಅದು ನಿಜವಾಗಿಬಿಡುತ್ತದೆ, ಕಾವಲುಗಾರ ಅವನ ಜಾಗದಲ್ಲೇ ಇರಲಿ, ಸೇತುವೆ ಬೀಳದಿರಲಿ, ಅವಳು ಮನೆಗೆ ಬರುತ್ತಾಳೆ, ಬಂದಾಗ ಜೋಡಿ ಆಟಕ್ಕೆ ಕಟ್ಟು ಬೇಕಲ್ಲ. ಮರುದಿನ ಅವಳು ಕಟ್ಟು ತೆರೆದು ನೋಡಿ, ಇವನ ಮುಖ ನೋಡಿ, ಮತ್ತೆ ಮೊದಲಿನಿಂದ ಶುರು. ಅವಳು ಕಟ್ಟುವುದು, ಇವನು ಕೆಡವುವುದು, ಇಬ್ಬರಿಗೂ ಗೊತ್ತು, ಇಬ್ಬರೂ ಬಾಯಿ ಬಿಡಲಿಲ್ಲ, ಎಂಥ ಮೂರ್ಖನಯ್ಯ ನೀನು.

ಈಗ ಅವಳ ಡಬ್ಬ ಮುಂದಿದೆ, ಹಳೇ ಬಿಸ್ಕತ್ತಿನ ಡಬ್ಬ, ಮುಚ್ಚಳ ತೆಗೆದರೆ ಅವಳ ಕೈಗೆ ಹಚ್ಚುವ ಮುಲಾಮಿನ ವಾಸನೆ, ಒಳಗೆ ನೂರಾರು ಕಾರ್ಡು, ಲೆಕ್ಕವಿಲ್ಲ, ಕ್ರಮವಿಲ್ಲ. ಅವಳು ಸೇರಿಸುತ್ತಿದ್ದವು ದಿನವೂ ಅವೇ, ಹೆಸರು ಹೇಳಿ ಹೇಳಿ ಸೇರಿಸುತ್ತಿದ್ದಳು, ಬಾಯಿಪಾಠವಾಗಿದೆ — ಕೆಂಪು ಡ್ರ್ಯಾಗನ್, ಇಗೋ, ಮಂಜಿನ ತೋಳಗಳು, ಇಗೋ, ಒಕ್ಕಣ್ಣಿನ ಕಮ್ಮಾರ, ಇವನು ನಿಮ್ಮ ಥರಾನೇ ರೀ ಬರೀ ಉಜ್ತಾನೆ ಆದ್ರೆ ಇವನು ಉಜ್ಜೋದು ಕತ್ತಿ — ಒಂದೊಂದನ್ನೂ ಹುಡುಕಿ ಕವರು ತೊಡಿಸಿ ಕಟ್ಟಿಗೆ ಸೇರಿಸಿದ, ಸೊಪ್ಪಿನವಳನ್ನೂ ಕೈಬಿಟ್ಟ. ಎಣಿಸಿದ. ಮೂವತ್ತೊಂಬತ್ತು. ಗೊತ್ತಿದ್ದದ್ದೇ. ನಲವತ್ತನೆಯದು ಕೊನೆಯ ದಿನದ್ದು. ಅಂದು ಅವಳು ಡಬ್ಬದೊಳಗೆ ಬಹಳ ಹೊತ್ತು ಬೆರಳಾಡಿಸಿ ಹೊಸದೊಂದನ್ನು ಎತ್ತಿದಳು, ಸೂಜಿ ಕದಲದಂತೆ ಬಿಳಿ ಪಟ್ಟಿ ಅಂಟಿಸಿದ ಕೈ, ಕಾರ್ಡಿನ ಬೆನ್ನು ಇವನ ಕಡೆಗೆ, ಎಲ್ಲ ಕಾರ್ಡಿನ ಬೆನ್ನಿಗೂ ಅದೇ ಚಿತ್ರ, ಕಬ್ಬಿಣದ ಬಳೆ ಹಾಕಿದ ಮುಚ್ಚಿದ ಬಾಗಿಲು, ಇದೊಂದು ಇಷ್ಟು ದಿನ ಹೊಳೆದಿರ್ಲಿಲ್ಲ ನೋಡಿ, ಇದಿದ್ರೆ ನೀವು ಗೆದ್ದ ಹಾಗೇನೇ, ನೋಡ್ಕೊಳ್ರೀ. ಇವನು ನೋಡಲಿಲ್ಲ. ಬಾಟಲಿಯಿಂದ ಹನಿ ಇಳಿಯುತ್ತಿದೆಯೋ ಇಲ್ಲವೋ ಎಂದು ಮೇಲೆ ನೋಡುತ್ತಿದ್ದ, ನೋಡಿದೆ ನೋಡಿದೆ, ನೀನು ಮಲಕ್ಕೋ, ಎಂದ. ಮನೆಗೆ ಬಂದು ಕಟ್ಟಿನೊಳಗೆ ಕೈ ಆಡಿಸಿದ, ಕವರಿಲ್ಲದವು ಬೆರಳಿಗೇ ತಿಳಿಯುತ್ತಿದ್ದವು, ಮುಖ ನೋಡುವ ಅಗತ್ಯವೇ ಇರಲಿಲ್ಲ, ಒಟ್ಟಿಗೆ ಹಿಡಿದು ಈ ಡಬ್ಬಕ್ಕೆ ಸುರಿದು ಮುಚ್ಚಳ ಒತ್ತಿದ. ಬೆಳಗಾಗುವಷ್ಟರಲ್ಲಿ ಅವಳಿಲ್ಲ.

ಡಬ್ಬವನ್ನು ಮೇಜಿನ ಮೇಲೆ ಬೋರಲು ಹಾಕಿದ. ಇದಿರಬಹುದೇ, ಹಾವಿನ ರಾಣಿ, ಇರಲಾರದು, ಇವಳನ್ನು ಕಂಡರೆ ಅವಳಿಗಾಗುತ್ತಿರಲಿಲ್ಲ, ಬಿರುಗಾಳಿ ಊದುವವನು, ಇರಬಹುದು, ಕಲ್ಲಿನ ಎತ್ತು, ಇದೂ ಇರಬಹುದು, ಕಟ್ಟಿಗೆ ಯಾವುದನ್ನು ಸೇರಿಸಿದರೂ ನಡೆದೀತು, ನಾಳೆ ಗೆದ್ದರೂ ಗೆದ್ದಾನು, ಯಾರಿಗೂ ಗೊತ್ತಾಗದು, ನಾದಿನಿ ಚಪ್ಪಾಳೆ ತಟ್ಟುತ್ತಾಳೆ, ಅಕ್ಕನ ಕಟ್ಟು ಅಕ್ಕನ ಕಟ್ಟು ಎಂದು ಅಂಗಡಿಯಲ್ಲೆಲ್ಲ ಹೇಳುತ್ತಾಳೆ, ಆದರೆ ಅವಳು ಆರಿಸಿದ್ದು ಒಂದು, ಇಷ್ಟರಲ್ಲಿ ಒಂದು, ಇವನಿಗೋಸ್ಕರ, ಕೊನೆಯ ಉಸಿರಿನಲ್ಲಿ ಹೊಳೆದದ್ದು, ನೋಡು ಎಂದು ಬಾಯಿಬಿಟ್ಟು ಕೇಳಿದಳು, ಒಂದು ಸಲ ಕತ್ತು ಇಳಿಸಿದ್ದರೆ ಸಾಕಿತ್ತು. ಇನ್ನೊಮ್ಮೆ ನೆನೆದ, ಕಣ್ಣು ಮುಚ್ಚಿ, ಮೆಲ್ಲಗೆ, ಗಾಲಿಮೇಜು, ಡಬ್ಬ, ಮುಲಾಮು, ಬಿಳಿ ಪಟ್ಟಿಯ ಕೈ ಎದ್ದಿತು, ಹೆಬ್ಬೆರಳು ಕಾರ್ಡಿನ ಮೂಲೆಯಲ್ಲಿ, ತಿರುಗಿಸೇ, ಒಂದು ಸಲ ಈ ಕಡೆ ತಿರುಗಿಸು, ನೋಡ್ತೀನಿ, ಈ ಸಲ ನೋಡ್ತೀನಿ — ಬಿಳಿ ಪಟ್ಟಿ, ಹೆಬ್ಬೆರಳು, ಕಬ್ಬಿಣದ ಬಳೆ, ಮುಚ್ಚಿದ ಬಾಗಿಲು, ನೋಡ್ಕೊಳ್ರೀ, ಮುಚ್ಚಿದ ಬಾಗಿಲು