ನಲವತ್ತರಲ್ಲಿ ನಿಂತ ಮುಳ್ಳು

ಸತ್ತ ಮಗ ಇನ್ನೂ ದಾರಿಯಲ್ಲಿದ್ದಾನೆ ಎಂದು ತಾಯಿ ಹಟ ಹಿಡಿದರೆ ಮಗಳಾದವಳು ಏನು ಹೇಳಬೇಕು? ಗಾರ್ಗಿ ಹೇಳಿ ಹೇಳಿ ಸುಸ್ತಾಗಿದ್ದಳು.

ತಪ್ಪು ತಮ್ಮ ಅತುಲನದೇ ಅನ್ನಿ. ದಿನಾ ತಾರಿಹಾಳದ ಕಾರ್ಖಾನೆಯಿಂದ ಧಾರವಾಡಕ್ಕೆ ಮರಳುವ ಆಸಾಮಿ, ಹವ್ಯಾಸಕ್ಕೆಂದು ಗುಜರಿ ಜೀಪಿನ ಸ್ಪೀಡೋಮೀಟರನ್ನು ಹಲಗೆಗೆ ಜಡಿದು, ಹಿಂದೆ ಮೋಟರು, ಸರ್ಕ್ಯೂಟು ಕೂರಿಸಿ ದೇವರಮನೆಯ ಪಕ್ಕ ತೂಗುಹಾಕಿದ್ದ. ಅವನ ಸ್ಕೂಟರಿನಲ್ಲಿದ್ದ ಡಬ್ಬಿ ವೇಗ ಕಳಿಸುತ್ತಿತ್ತು, ಇಲ್ಲಿ ಮುಳ್ಳು ಆಡುತ್ತಿತ್ತು. ಮುಳ್ಳು ಸೊನ್ನೆಗೆ ಬಂದು ಕೂತಿತೆಂದರೆ ಮಗ ಬಾಗಿಲಿಗೆ ಬಂದನೆಂದೇ ಲೆಕ್ಕ. ತಾಯಿ ಲಕ್ಷ್ಮೀಬಾಯಿ ಅದನ್ನು ನೋಡಿಯೇ ಚಹಾ ಸೋಸುತ್ತಿದ್ದರು.

ನವಲೂರಿನ ಹತ್ತಿರ ಅವನಿಗೆ ಲಾರಿ ಬಡಿದ ಸಂಜೆ ಮನೆಯಲ್ಲಿ ಕರೆಂಟು ಹೋಗಿತ್ತು. ಕರೆಂಟು ಹೋದರೆ ಆ ಮೋಟರಿನ ಮುಳ್ಳು ಕೆಳಗಿಳಿಯುವುದಿಲ್ಲ, ಇದ್ದಲ್ಲೇ ನಿಲ್ಲುತ್ತದೆ. ನಲವತ್ತರಲ್ಲಿ ನಿಂತಿತು. ಮರಳಿ ಬಂದ ಕರೆಂಟು ಸರ್ಕ್ಯೂಟನ್ನೇ ಸುಟ್ಟುಹಾಕಿತು.

"ದೇಹ ಸುಟ್ಟೀರಿ, ಖರೇ. ಅವ ಎಲ್ಲೆ ಮನಿಗೆ ಬಂದಾನ? ಮನಿಗೆ ಬರದವಗ ಎಂಥಾ ಶ್ರಾದ್ಧರೀ?" ಎಂದು ಲಕ್ಷ್ಮೀಬಾಯಿ ಹೋದ ವರ್ಷ ಆಚಾರ್ಯರನ್ನು ಬಾಗಿಲಿಂದಲೇ ಕಳಿಸಿಬಿಟ್ಟಿದ್ದರು.

ಈ ವರ್ಷದ ತಿಥಿ ನಾಳೆ. ಗಾರ್ಗಿ ಹೊಸ ಸರ್ಕ್ಯೂಟು ಬೆಸುಗೆ ಹಾಕಿ ಕೂರಿಸಿದಳು. ಸ್ವಿಚ್ ಒತ್ತಿದೊಡನೆ ಮುಳ್ಳು ತಾನಾಗಿಯೇ ಸೊನ್ನೆಗೆ ಓಡುವುದು ಈ ಯಂತ್ರದ ರೂಢಿ. ಅಷ್ಟಾದರೆ ಮಗ ಮನೆಗೆ ಬಂದನೆಂದು ಅವ್ವ ಒಪ್ಪುತ್ತಾಳೆ. ಮೋಸವೇ ಸರಿ, ಆದರೆ ಆ ಕಾಯುವಿಕೆಯನ್ನು ಇನ್ನು ನೋಡುವುದು ತನ್ನಿಂದಾಗದು.

ದೀಪ ಹಚ್ಚುವ ಹೊತ್ತಿಗೆ ಸ್ವಿಚ್ ಒತ್ತಿದಳು. ಮುಳ್ಳು ಓಡಲಿಲ್ಲ. ನಲವತ್ತರಲ್ಲೇ ನಡುಗಿತು, ನಿಧಾನವಾಗಿ ಇಪ್ಪತ್ತಕ್ಕಿಳಿದು ಮತ್ತೆ ಮೂವತ್ತಕ್ಕೇರಿತು.

"ವೈರ್ ಎಲ್ಲ್ಯೋ ತಪ್ಪ್ಯದ," ಎನ್ನುತ್ತ ಗಾರ್ಗಿ ಪ್ಲಗ್ಗು ಕಿತ್ತಳು. ಪ್ಲಗ್ಗು ಕೈಗೆ ಬಂತು, ಮುಳ್ಳು ಆಡುತ್ತಲೇ ಇತ್ತು. ಸ್ಕೂಟರಿನ ಜಜ್ಜಿಹೋದ ಡಬ್ಬಿ ಅಲ್ಲೇ ಮೇಜಿನ ಮೇಲೆ ಬಿದ್ದಿತ್ತು. ಅವಳು ಹಿಂದೆ ಹಿಂದೆ ಸರಿಯುತ್ತ ಮುಂಬಾಗಿಲ ಹೊಸ್ತಿಲಿಗೆ ಬಂದು ನಿಂತಳು.

"ಓಣ್ಯಾಗ ತಿರುಗಿದಾ," ಎಂದರು ಲಕ್ಷ್ಮೀಬಾಯಿ.

ಮುಳ್ಳು ಹತ್ತಕ್ಕಿಳಿದು ಎರಡು ಸಲ ಕುಣಿಯಿತು. ಓಣಿಯ ಬಾಯಲ್ಲಿ ಜೋಡಿ ಹಂಪುಗಳಿವೆ. ಆಮೇಲೆ ಸೊನ್ನೆಗೆ ಬಂದು ಕೂತಿತು.

ಹೊರಗೆ ಗೇಟಿನ ಚಿಲಕದ ಸದ್ದಾಯಿತು. ಗಾರ್ಗಿಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ತಾಯಿ ಚಹಾ ಸೋಸಿ ಮೂರು ಕಪ್ಪು ತಂದಿಟ್ಟರು. "ನಾಳೆ ಆಚಾರ್ಯರಿಗೆ ಬರಲಿಕ್ಕೆ ಹೇಳು," ಎಂದರು. ಅವರ ದನಿ ಎಷ್ಟೋ ಕಾಲದ ಮೇಲೆ ಹಗುರಾಗಿತ್ತು. "ಈಗ ಬಾಗಲಾ ಬಿಟ್ಟು ಸರಿ, ಗಾರ್ಗಿ. ಅವಗ ಒಳಗ ಬರಲಿಕ್ಕೆ ಆಗವಲ್ತು."

ಗಾರ್ಗಿ ಸರಿದು ನಿಂತಳು.