ಉದ್ಘಾಟನೆಯ ತಾರೀಕು

ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಯಲಗೂರಪ್ಪನ ತಗಡಿನ ಅಂಗಡಿ. ಒಳಗೆ ಗೋಡೆಗೆ ಒರಗಿಸಿದ ಕರಿಕಲ್ಲಿನ ಹಲಗೆಗಳು, ಉಳಿ, ಸುತ್ತಿಗೆ, ಹಳದಿ ಬಣ್ಣದ ಡಬ್ಬಿ. ಮನೆಯ ಹೆಸರು, ಗುಡಿಗೆ ದೇಣಿಗೆ ಕೊಟ್ಟವರ ಹೆಸರು, ಸತ್ತವರ ಹೆಸರು ಎಲ್ಲವನ್ನೂ ಅವನು ಮೂವತ್ತೆಂಟು ವರ್ಷಗಳಿಂದ ಕಲ್ಲಿನಲ್ಲಿ ಕೆತ್ತುತ್ತ ಬಂದಿದ್ದ. ಈಗ ಮಷಿನ್ನಿನಲ್ಲಿ ಅಕ್ಷರ ಕೊರೆಯುವವರು ಬಂದಿದ್ದರೂ ಎಂಪಿ ಸಾಹೇಬರ ಕಚೇರಿಯ ಕಲ್ಲುಗಳು ಇವನಿಗೇ ಬರುತ್ತಿದ್ದವು. ಕಾರಣ ದೊಡ್ಡದೇನಲ್ಲ. ಹೇಳಿದ ದಿನಕ್ಕೆ ಕೊಡುತ್ತಿದ್ದ, ಏನನ್ನೂ ಕೇಳುತ್ತಿರಲಿಲ್ಲ.

ಸಾಹೇಬರಿಗೆ ಕಲ್ಲೆಂದರೆ ಬಲು ಪ್ರೀತಿ. ದಿಲ್ಲಿಯ ಸಂಸತ್ತಿನಲ್ಲಿ ನಾಲ್ಕೂವರೆ ವರ್ಷ ಕೂತು ಒಂದು ಪ್ರಶ್ನೆ ಕೇಳಿದವರಲ್ಲ; ಅಲ್ಲಿ ಬಾಯಿ ತೆರೆದದ್ದು ಆಕಳಿಸಲಿಕ್ಕೆ ಮಾತ್ರ ಎಂದು ಟಿಕೋಟಾದ ಚಹಾದಂಗಡಿಯಲ್ಲಿ ಜನ ಆಡಿಕೊಳ್ಳುತ್ತಿದ್ದರು. ಆದರೆ ಊರೂರು ತಿರುಗಿ ಅಡಿಗಲ್ಲು ಹಾಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕಲ್ಲು ನಿಲ್ಲುತ್ತಿತ್ತು, ಕಟ್ಟಡ ಏಳುತ್ತಿರಲಿಲ್ಲ. ಅನುದಾನ ಏನಾಯಿತು ಎಂದು ಯಾರಾದರೂ ಕೇಳಿದರೆ ಗುತ್ತಿಗೆದಾರನ ಕಡೆ ಬೆರಳು ತೋರಿಸುತ್ತಿದ್ದರು. ಗುತ್ತಿಗೆದಾರ ಅವರ ಸ್ವಂತ ಷಡ್ಡಕ. ಉಂಡೂ ಹೋದ, ಕೊಂಡೂ ಹೋದ ಅನ್ನುತ್ತಾರಲ್ಲ, ಇಲ್ಲಿ ಉಣ್ಣುವವರೊಬ್ಬರು, ಕೊಂಡೊಯ್ಯುವವರೊಬ್ಬರು.

ಸಣ್ಣ ಕೆಲಸಗಳಿಗೆ ಯಲಗೂರಪ್ಪ ಒಂದೇ ಕಲ್ಲು ಮಾಡುತ್ತಿದ್ದ. ಮೇಲೆ ಶಂಕುಸ್ಥಾಪನೆಯ ತಾರೀಕು. ತಳದಲ್ಲಿ ‘ಉದ್ಘಾಟನೆ’ ಎಂದು ಕೆತ್ತಿ ಅದರ ಮುಂದೆ ಒಂದು ಗೇಣು ಜಾಗವನ್ನು ನುಣ್ಣಗೆ ಹಾಗೇ ಬಿಡುತ್ತಿದ್ದ. ಕಟ್ಟಡ ಮುಗಿದ ಮೇಲೆ ಅಲ್ಲಿಗೇ ಹೋಗಿ, ಕಲ್ಲಿನ ಮುಂದೆ ಕೂತು ತಾರೀಕು ತುಂಬುವುದು. ತಂದೆ ಕಲಿಸಿಕೊಟ್ಟಂತೆ ಅಂಕಿಗಳನ್ನು ಮಾತ್ರ ಯಾವತ್ತೂ ಕನ್ನಡದಲ್ಲೇ ಕೆತ್ತುತ್ತಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಹಾಗೆ ಖಾಲಿ ಉಳಿದ ಗೇಣುಜಾಗಗಳು ಎಷ್ಟಿದ್ದವೋ, ಅವನು ಎಣಿಸಲು ಹೋಗಿರಲಿಲ್ಲ.

ಅವುಗಳಲ್ಲಿ ಒಂದನ್ನು ಮಾತ್ರ ಮರೆಯಲಾಗಿರಲಿಲ್ಲ. ಬಿಜ್ಜರಗಿ ದಾಟಿ ಒಳಗೆ ಹೋದರೆ ಸಿಗುವ ಒಂದು ವಸ್ತಿಗೆ ಮಗಳು ಗೀತಾಂಜಲಿಯನ್ನು ಕೊಟ್ಟಿದ್ದ. ಇಪ್ಪತ್ತೈದು ಮನೆ, ಆಡು ಕುರಿ, ಅಲ್ಲೊಂದು ಇಲ್ಲೊಂದು ದ್ರಾಕ್ಷಿ ತೋಟ. ಆ ವಸ್ತಿಗೆ ಹೆರಿಗೆ ಕೋಣೆ ಮಂಜೂರಾಗಿದೆ ಎಂದು ಕಲ್ಲಿನ ಕೆಲಸ ಬಂದಾಗ ಅವನಿಗೆ ಹಿಗ್ಗೋ ಹಿಗ್ಗು. ಯಾರೂ ಹೇಳದಿದ್ದರೂ ಅಂಚಿಗೆ ಹೂಬಳ್ಳಿ ಕೆತ್ತಿದ. ಮಗಳಿನ್ನೂ ಬಸುರಿಯಾಗಿರದಿದ್ದರೂ ಹೆಂಡತಿ ಬೋರವ್ವ ಆಗಲೇ ಮೊಮ್ಮಗುವಿಗೆ ಕುಲಾವಿ ಹೊಲಿಯಲು ಕೂತಿದ್ದಳು. “ಕೂಸು ಹುಟ್ಟೂ ಮೊದಲ ಕುಲಾವಿ ಹೊಲದ್ಲಂತ,” ಎಂದು ಅವಳನ್ನು ಛೇಡಿಸಿದ್ದ. ಆಮೇಲೆ ಆ ಗಾದೆ ಅವನ ಬಾಯಿಂದ ಮತ್ತೆ ಬರಲಿಲ್ಲ.

ಒಂದೂವರೆ ವರ್ಷವಾದರೂ ಕೋಣೆಯ ಒಂದು ಇಟ್ಟಿಗೆ ಬೀಳಲಿಲ್ಲ. ಆಗಸ್ಟ್ ಎಂಟನೆಯ ತಾರೀಕು, ಮಳೆಯ ಬೆಳಿಗ್ಗೆ, ಗೀತಾಂಜಲಿಗೆ ನೋವು ಬಂತು. ಟೆಂಪೋದಲ್ಲಿ ಮಲಗಿಸಿಕೊಂಡು ಹೊರಟರು. ಟಿಕೋಟಾದ ಆಸ್ಪತ್ರೆ ಇನ್ನೂ ಅರ್ಧ ದಾರಿ ಇರುವಾಗಲೇ ಹೆರಿಗೆಯಾಯಿತು. ಹೆಣ್ಣುಕೂಸು. ಒಂದು ತಾಸು ಉಸಿರಾಡಿತು. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಯಲಗೂರಪ್ಪ ಮೊಳದುದ್ದದ ಒಂದು ಕಲ್ಲನ್ನು ಪಂಚೆಯಲ್ಲಿ ಸುತ್ತಿಕೊಂಡು ಹೋಗಿದ್ದ. ಬೀಗಿತಿ ಮಲಕವ್ವ ಅದನ್ನು ನೋಡಿ ತಲೆಯಲ್ಲಾಡಿಸಿದಳು.

“ಹೆಸರಿಡದ ಕೂಸಿಗೆ ಕಲ್ಲ ನಿಂದ್ರಸೂ ಪದ್ಧತಿ ನಮ್ಮಾಗಿಲ್ರೀ ಬೀಗರ. ಹಾಲೂ ಹಾಕಂಗಿಲ್ಲ. ಬಂದಿತ್ತು, ಹೋತು ಅನ್ನೂದು ಅಷ್ಟ.”

ಅವಳ ಮಾತು ಕಠಿಣವಿತ್ತು, ಕಣ್ಣು ಹಾಗಿರಲಿಲ್ಲ. ಯಲಗೂರಪ್ಪ ಕಲ್ಲನ್ನು ಹಾಗೇ ತಿರುಗಿ ತಂದ. ಹೆಸರೇ ಇಲ್ಲದ ಮೇಲೆ ಕೆತ್ತುವುದಾದರೂ ಏನನ್ನು? ಊರ ಮಂದಿಯ ಹೆಸರನ್ನೆಲ್ಲ ಉಳಿಸಿದ ಕೈಗೆ ತನ್ನ ಮೊಮ್ಮಗಳದ್ದೊಂದು ಗುರುತು ಉಳಿಸಲು ಆಗಲಿಲ್ಲವಲ್ಲ ಎಂದು ಅವನಿಗೆ ಬಹಳ ಸಂಕಟವಾಯಿತು. ಅದು ಕಡಿಮೆಯಾಗಲೇ ಇಲ್ಲ.

ಅದಾಗಿ ವರ್ಷ ದಾಟಿತ್ತು, ಈಗ ಚುನಾವಣೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಸಾಹೇಬರ ಆಪ್ತ ಸಹಾಯಕ ಸತೀಶಕುಮಾರ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ಜಲನಗರದ ಹುಡುಗ, ಇಂಗ್ಲಿಷ್ ಶಾಲೆಯಲ್ಲಿ ಓದಿದವನು, ಮಾತು ಮೃದು. ತಾರೀಕು ಬರೆದ ಒಂದು ಚೀಟಿ ಕೊಟ್ಟ.

“ಕಾಕಾ, ಬಿಜ್ಜರಗಿ ಕಡೆ ವಸ್ತಿದಾಗ ಹೆರಿಗೆ ಕೋಣಿ ಕಲ್ಲ ಐತಲ್ಲ, ಅದಕ್ಕ ಉದ್ಘಾಟನಿ ತಾರೀಕು ಹೊಡದ ಬರ್ರಿ. ಬರೂ ಸೋಮವಾರ ಕಾರ್ಯಕ್ರಮ.”

“ಕೋಣಿ ಎಲ್ಲೈತ್ರೀ ಸಾಹೇಬ್ರ?”

“ಅಲ್ಲೆ ಕೊಂಡವಾಡ ಐತಲ್ಲ, ಅದಕ್ಕ ಸುಣ್ಣಾ ಹೊಡಿಸೇವಿ. ಒಂದ ಟೇಬಲ್, ಒಂದ ಪಡದೆ. ಫೈಲಿಗೆ ಕಲ್ಲಿಂದು ಒಂದ ಫೋಟೋ ಬೇಕು, ಮುಗೀತು.”

ಕೊಂಡವಾಡವೆಂದರೆ ಬೆಳೆ ಮೇಯ್ದ ಬಿಡಾಡಿ ದನಗಳನ್ನು ಹಿಡಿದು ಕೂಡಿಹಾಕುತ್ತಿದ್ದ ಹಳೆಯ ಕೋಣೆ. ಯಲಗೂರಪ್ಪ ಚೀಟಿಯನ್ನೇ ನೋಡುತ್ತ ನಿಂತ.

“ಯಾಕ ಕಾಕಾ? ಆಗಲಿಲ್ಲಂದ್ರ ಹೇಳ್ರಿ, ಮಷಿನ್ನಿನವರ ಕಡಿಂದ ಹೊಡಸ್ತೀನಿ. ಮುಂದಿನ ಕೆಲಸಾನೂ ಅವರಿಗೇ ಹೊಕ್ಕಾವ.”

“ನಾನ ಹೊಡೀತೀನ್ರಿ,” ಅಂದ ಯಲಗೂರಪ್ಪ.

ಗಾಡಿ ಹೋದ ಮೇಲೆ ಅವನು ಉಳಿ ಮುಟ್ಟಲಿಲ್ಲ. ಆ ಗೇಣುಜಾಗ ಖಾಲಿ ಇರುವವರೆಗೆ ಕೋಣೆ ಬರಬೇಕಾದ್ದು ಬಾಕಿ ಇದೆ ಎಂದು ಯಾರಾದರೂ ಕೇಳಬಹುದಿತ್ತು. ತಾರೀಕು ಬಿದ್ದರೆ ಮುಗಿಯಿತು, ಸರಕಾರದ ಕಣ್ಣಿಗೆ ಕೋಣೆ ಕಟ್ಟಿಯಾಯಿತು. ಗೀತಾಂಜಲಿಗೆ ಈಗ ಮತ್ತೆ ಆರು ತಿಂಗಳು. ಆ ದಾರಿ ಅದೇ, ಆ ಟೆಂಪೋ ಅದೇ. ಒಲ್ಲೆನೆಂದರೆ ಬೇರೆಯವನು ಕೊರೆಯುತ್ತಾನೆ. ಹೂಂ ಎಂದರೆ ತನ್ನ ಕೈಯಾರೆ ಮಗಳಿಗೆ ಸುಳ್ಳು ಬರೆದಂತೆ. ಅವನಿಗೆ ಸಿಟ್ಟು ಬಂದದ್ದು ಸಾಹೇಬರ ಮೇಲಷ್ಟೇ ಅಲ್ಲ, ಏನನ್ನೂ ಕೇಳದೆ ಕಲ್ಲು ಕೊಡುತ್ತ ಬಂದ ತನ್ನ ಮೇಲೂ.

ರವಿವಾರ ಮುಂಜಾನೆಯ ಬಸ್ಸಿಗೆ ವಸ್ತಿಗೆ ಹೋದ. ಕೊಂಡವಾಡ ಹೊಸ ಸುಣ್ಣದಲ್ಲಿ ಬೆಳ್ಳಗೆ ನಿಂತಿತ್ತು, ಒಳಗೆ ಸಗಣಿಯ ವಾಸನೆ ಹೋಗಿರಲಿಲ್ಲ. ಕಲ್ಲಿನ ಮುಂದೆ ಗೋಣಿತಟ್ಟು ಹಾಸಿಕೊಂಡು ಕೂತು ಸೀಮೆಸುಣ್ಣದಲ್ಲಿ ಗೆರೆ ಎಳೆದ. ಚೀಟಿ ಜೇಬಿನಲ್ಲೇ ಇತ್ತು. ಗೀತಾಂಜಲಿ ಚಹಾ ತಂದವಳು ಬೆನ್ನ ಹಿಂದೆ ನಿಂತಳು. ಮೊದಲು ೮ ಬಂತು. ಒಂದು ಗೆರೆ ಎಳೆದು ಮತ್ತೆ ೮. ಅವಳು ಬಟ್ಟಲನ್ನು ನೆಲಕ್ಕಿಟ್ಟಳು.

“ಯಪ್ಪಾ...”

“ಬ್ಯಾಡಂದ್ರ ನಿಂದ್ರಸ್ತೀನಿ ಮಗಳ. ಹೇಳು.”

ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅಪ್ಪನ ಪಕ್ಕದಲ್ಲಿ ಕೂತಳು. ೨೦೨೨ ಮುಗಿಯುವವರೆಗೂ ಏಳಲಿಲ್ಲ. ಕಲ್ಲಿನ ಪುಡಿಯನ್ನು ಅವಳೇ ಸೆರಗಿನಿಂದ ಒರೆಸಿದಳು. ಆಗ ಅಪ್ಪ ಮಗಳಿಬ್ಬರೂ ಅತ್ತರು, ಸದ್ದಿಲ್ಲದೆ.

ಸೋಮವಾರ ಸಾಹೇಬರು ಹನ್ನೊಂದಕ್ಕೆ ಬರಬೇಕಿತ್ತು. ಬಬಲೇಶ್ವರದಲ್ಲಿ ಸನ್ಮಾನವಿದ್ದದ್ದರಿಂದ ಎರಡಾಯಿತು. ಮುಂದಾಗಿ ಬಂದ ಸತೀಶಕುಮಾರ ಕಲ್ಲಿನ ಮೇಲಿನ ಬಟ್ಟೆ ಎತ್ತಿ ಇಣುಕಿದಾಗ ಯಲಗೂರಪ್ಪ ಒಂದು ಹೆಜ್ಜೆ ಮುಂದೆ ಬಂದ.

“ಮತ್ತ ಕನ್ನಡ ಅಂಕಿನ ಹಾಕೀರಲ್ಲ ಕಾಕಾ? ನನಗ ಇವು ಒಂದೂ ತಿಳಿಯಂಗಿಲ್ಲ,” ಎಂದು ನಕ್ಕು ಬಟ್ಟೆ ಇಳಿಬಿಟ್ಟ. “ತಾರೀಕು ಬರೋಬ್ಬರಿ ಐತಿಲ್ಲ?”

“ಬರೋಬ್ಬರಿ ಐತ್ರಿ.”

ಸಾಹೇಬರು ಬಂದರು, ಹಾರ ಹಾಕಿಸಿಕೊಂಡರು, ಬಟ್ಟೆ ಸರಿಸಿದರು, ಕಲ್ಲಿನ ಕಡೆ ನೋಡದೆ ಕ್ಯಾಮೆರಾದ ಕಡೆ ನೋಡಿ ಚಪ್ಪಾಳೆ ತಟ್ಟಿದರು. ಹಿಂದೆ ಬಂದವರೂ ತಟ್ಟಿದರು. ಓದಲು ಹೋದದ್ದು ಮಲಕವ್ವ ಒಬ್ಬಳೇ. ಅವಳು ಕನ್ನಡ ಶಾಲೆಯ ಮೂರನೆಯ ತರಗತಿಯವರೆಗೆ ಕಲಿತವಳು, ಬಸ್ಸಿನ ನಂಬರು ದೂರದಿಂದಲೇ ಹೇಳುತ್ತಿದ್ದಳು. ಕಲ್ಲಿನ ಮೇಲೆ ಬೆರಳಾಡಿಸುತ್ತ ಒಂದೊಂದೇ ಓದಿದಳು.

“ಎಂಟು. ಎಂಟು. ಎರಡು... ಸೊನ್ನಿ...”

ಅಲ್ಲಿಗೆ ಬೆರಳು ನಿಂತಿತು. ತಿರುಗಿ ಬೀಗರನ್ನು ನೋಡಿದಳು, ಸೊಸೆಯನ್ನು ನೋಡಿದಳು. ಗೀತಾಂಜಲಿ ಮೆಲ್ಲಗೆ ತಲೆಯಾಡಿಸಿದಳು. ಹಿಂದೆ ನಿಂತ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆ ದಿನ ಟೆಂಪೋದಲ್ಲಿ ಕೂತವರೂ, ಬದುವಿನಲ್ಲಿ ಮಣ್ಣು ಹಾಕಿದವರೂ ಅವರೇ. ಚಪ್ಪಾಳೆಗೆ ಎತ್ತಿದ ಕೈಗಳು ಕೆಳಗಿಳಿದವು.

ಅತಿಥಿಗಳ ಚಹಾಕ್ಕೆಂದು ಒಂದು ಚರಿಗೆ ಹಾಲು ತಂದಿಟ್ಟಿದ್ದರು. ಗೀತಾಂಜಲಿ ಅದರ ಕಡೆ ಕೈ ಚಾಚಿದಳು. ಮಲಕವ್ವ ಅವಳ ಕೈ ಹಿಡಿದಳು.

“ನೀ ಬಸುರಿ, ನೀ ಹಾಕಬಾರದವ್ವ. ಕೊಡಿಲ್ಲೆ, ನಾ ಹಾಕ್ತೀನಿ.”

ತಲೆಯ ಮೇಲೆ ಸೆರಗು ಹೊದ್ದು ಅವಳು ಕಲ್ಲಿನ ನೆತ್ತಿಯ ಮೇಲೆ ಹಾಲು ಸುರಿದಳು. ಹಾಲು ಸಾಹೇಬರ ಹೆಸರಿನ ಮೇಲೆ ಹರಿದು, ಹೂಬಳ್ಳಿಯ ಸಂದಿಯಲ್ಲಿ ಇಳಿದು, ತಳದ ಅಂಕಿಗಳಲ್ಲಿ ತುಂಬಿಕೊಂಡಿತು. ಪದ್ಧತಿ ಮುರಿದವಳ ಗಲ್ಲ ತೋಯ್ದಿತ್ತು. ಉಳಿದ ಹೆಂಗಸರು ಒಬ್ಬೊಬ್ಬರಾಗಿ ಬಂದು ಕಲ್ಲಿಗೆ ಕೈ ಮುಗಿದರು.

ಸಾಹೇಬರ ಮುಖ ಅರಳಿತು. ತಮ್ಮ ಹೆಸರಿಗೆ ಹಾಲಿನ ಅಭಿಷೇಕ! ಇಷ್ಟು ಅಭಿಮಾನ ಈ ವಸ್ತಿಯಲ್ಲಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಕಲ್ಲಿನ ಪಕ್ಕದಲ್ಲಿ ನಿಂತು, ಹೆಂಗಸರಿಗೆ ಪ್ರತಿಯಾಗಿ ಕೈ ಮುಗಿದು, ಫೋಟೋ ತೆಗೆಯುವವರೆಗೂ ನಗುತ್ತ ಹಾಗೇ ನಿಂತರು.

ಸತೀಶಕುಮಾರ ಯಲಗೂರಪ್ಪನ ಹತ್ತಿರ ಬಂದು ಮೆಲ್ಲಗೆ ಕೇಳಿದ. “ಏನ ಕಾಕಾ, ಮಂದಿ ಅಳಾಕತ್ತೈತಲ್ಲ? ಉದ್ಘಾಟನಿಗೆ ಹಾಲ ಹಾಕೂದು ಇಲ್ಲಿ ಪದ್ಧತಿ ಏನು?”

“ಉದ್ಘಾಟನಿಗೆ ಅಲ್ರೀ,” ಅಂದ ಯಲಗೂರಪ್ಪ. “ಮಣ್ಣ ಕೊಟ್ಟ ಮ್ಯಾಲ ನಮ್ಮಾಗ ಹಿಂಗ ಹಾಲ ಹಾಕ್ತಾರ್ರಿ.”

ಸತೀಶಕುಮಾರ ಆ ಅಂಕಿಗಳ ಕಡೆ ತಿರುಗಿ ನೋಡಿದ. ಈ ಸಲ ಬಹಳ ಹೊತ್ತು ನೋಡಿದ. ಆಮೇಲೆ, “ಏನಂತ ಬರದೀರಿ ಕಾಕಾ, ಓದಿ ಹೇಳ್ರಿ,” ಅಂದ.

ಯಲಗೂರಪ್ಪ ಓದಿ ಹೇಳಿದ.