ಕೆಂಪು ಚಿಂದಿ

ಭಾವನಿಗೆ ಕೋಪ ಮೂಗಿನ ತುದಿಯಲ್ಲಿ ಅಂದರೆ ಮೂಗಿಗೆ ಸುಮ್ಮನೆ ಅವಮಾನ. ಅವನ ಕೋಪ ಇದ್ದದ್ದು ಕೈಯಲ್ಲಿ. ಲಾರಿ ಟೈರು ಬಿಚ್ಚಿ ಬಿಚ್ಚಿ ಜಡ್ಡುಗಟ್ಟಿದ ಆ ಕೈ ಹೋದ ತಿಂಗಳು ಅಕ್ಕನ ಎರಡು ಪಕ್ಕೆಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ಅಕ್ಕ "ಮೆಟ್ಟಿಲ ಮೇಲೆ ಜಾರಿ ಬಿದ್ದೆ" ಅಂದಳು. ಅವರ ಮನೆಗೆ ಮೆಟ್ಟಿಲೇ ಇಲ್ಲ, ಹಾಳಾಗಿ ಹೋಗಲಿ. ಅವಳನ್ನು ವಾಪಸು ಕರೆತಂದ ದಿನ ಭಾವ ಅವಳ ತಮ್ಮನಿಗೆ ಕೇಳಿಸಲಿ ಅಂತಲೇ ಹೇಳಿದ್ದ, "ಮುಂದಿನ ಸಲ ಆಸ್ಪತ್ರೆ ತನಕ ಹೋಗೋ ಕೆಲಸ ಇರಲ್ಲ."

ತಮ್ಮ ವೆಲ್ಡರ್. ಅವತ್ತಿನಿಂದ ಅವನಿಗೆ ತಿಂದದ್ದು ಮೈಗೆ ಹತ್ತಲಿಲ್ಲ. ಪೊಲೀಸರ ಹತ್ತಿರ ಎರಡು ಸಲ ಹೋದ. ಗಂಡ ಹೆಂಡತಿ ಜಗಳದಲ್ಲಿ ನಿನಗೇನಯ್ಯಾ ಕೆಲಸ ಅಂತ ಅಟ್ಟಿದರು. ಇನ್ನು ಉಳಿದದ್ದು ಒಂದೇ ಲೆಕ್ಕ: ಅಕ್ಕನ ಹೆಣ ಬೀಳಬೇಕು, ಇಲ್ಲ ಭಾವನದು.

ಊರಿಂದ ಬಸ್ಸಿನಲ್ಲಿ ಒಂದು ಗಂಟೆ ಹೋದರೆ ಸಮುದ್ರದೊಳಕ್ಕೆ ಚಾಚಿಕೊಂಡ ಒಂದು ಕಲ್ಲುಗುಡ್ಡ ಇದೆ. ರಜಾ ದಿನ ಜನ ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅದರ ಅಂಚಿನ ಕಂಬಿಬೇಲಿಯ ರಿಪೇರಿ ವೆಲ್ಡರನದು. ಶನಿವಾರ ಕರೆಂಟು ಕೈಕೊಟ್ಟಿತು. ಯಾರೂ ಅಷ್ಟಾಗಿ ಹೋಗದ ಕೊನೆಯ ಮೂಲೆಯ ಕಂಬಿಗೆ ಅಷ್ಟರಲ್ಲಿ ಎರಡು ಚುಕ್ಕಿ ಬೆಸುಗೆಯಷ್ಟೇ ಬಿದ್ದಿತ್ತು. ಅದರ ಮೇಲೊಂದು ಕೆಂಪು ಚಿಂದಿ ಕಟ್ಟಿದ. ಅಪ್ಪನ ಕಾಲದಿಂದ ಅವರ ಮನೆಯ ಕಟ್ಟುಪಾಡು ಅದು: ಭಾರ ತಡೆಯದ ಅರೆಬೆಸುಗೆಗೆ ಕೆಂಪು ಚಿಂದಿ ಕಟ್ಟಬೇಕು, ಪೂರ್ತಿ ಬೆಸೆದವನೇ ಬಿಚ್ಚಬೇಕು. ಅಪ್ಪನಿಗೆ ಚಿಂದಿ ಹರಿದು ಕೊಡುತ್ತಿದ್ದವಳು ಅಕ್ಕ, ತನ್ನ ಹಳೇ ಫ್ರಾಕುಗಳಿಂದ.

ಭಾವನಿಗೊಂದು ಚಾಳಿ ಇತ್ತು. ಕಂಬಿ ಕಂಡರೆ ಸಾಕು, ಹತ್ತಿ ಕೂತು ಕಾಲು ಅಲ್ಲಾಡಿಸಬೇಕು ಮಹಾನುಭಾವ. "ಭಾನುವಾರ ಸಮುದ್ರ ನೋಡೋಕೆ ಹೋಗೋಣ ಬನ್ನಿ ಭಾವ" ಅಂತ ವೆಲ್ಡರ್ ಕರೆದ.

ಭಾನುವಾರ ಅವನು ಹತ್ತು ಹೆಜ್ಜೆ ಮುಂದೆ ನಡೆದು ಚಿಂದಿ ಬಿಚ್ಚಿ ಜೇಬಿಗೆ ತುರುಕಿಕೊಂಡ. ಹಿಂದೆ ಅಕ್ಕ, ಭಾವ ಬಂದರು. ಕೆಳಗೆ ನೀಲಿ ನೀರು, ಆಚೆ ದಡದಲ್ಲಿ ಊರಿನ ಎತ್ತರದ ಕಟ್ಟಡಗಳು. ಗಾಳಿ ಬೀಸಿ ಭಾವನ ಟೋಪಿಯನ್ನು ಸಮುದ್ರಕ್ಕೆ ಹಾರಿಸಿಕೊಂಡು ಹೋಯಿತು. ಅಕ್ಕನಿಗೆ ನಗು ತಡೆಯಲಾಗಲಿಲ್ಲ.

ಭಾವ ಹೊಡೆದ. ಅಕ್ಕ ಹಿಂದಕ್ಕೆ ಮುಗ್ಗರಿಸಿ ಬೆನ್ನು ಕೊಟ್ಟದ್ದು ಅದೇ ಕಂಬಿಗೆ. ಕಂಬಿ ಕಿರ್ರ್ ಅಂದಿತು. ವೆಲ್ಡರ್ ಹಾರಿ ಅವಳ ತೋಳು ಹಿಡಿದು ಈಚೆಗೆ ಎಳೆದ. ಅಯ್ಯೋ ಮುಠ್ಠಾಳ, ಬೀಳುವುದು ಅವನೊಬ್ಬನೇ ಅಂತ ನಿನಗೆ ಯಾರಾದರೂ ಬರೆದುಕೊಟ್ಟಿದ್ದರಾ?

ಅವನಿಗೂ ಅದೇ ಅನ್ನಿಸಿತು. ಬೇಡ, ಈ ಪಾಪ ಬೇಡ, ಚಿಂದಿ ಮತ್ತೆ ಕಟ್ಟಿಬಿಡೋಣ ಅಂತ ಜೇಬಿಗೆ ಕೈ ಹಾಕಿದ.

"ಚಾಕು ತೆಗೀತೀಯೇನೋ ನನ್ ಮೇಲೆ?" ಅಂತ ಭಾವ ಮೇಲೆ ಬಿದ್ದ.

ಮೊದಲ ಏಟಿಗೆ ಮೂಗು ಹೋಯಿತು. ಎರಡನೆಯದಕ್ಕೆ ದವಡೆ ಲಟಕ್ ಅಂದಿತು. ನೆಲಕ್ಕೆ ಕೆಡವಿ, ಕೂದಲು ಹಿಡಿದು, ತಲೆಯನ್ನು ಕಲ್ಲಿಗೆ ಚಚ್ಚಿದ. ಬಿಡಿಸಲು ಬಂದ ಅಕ್ಕನನ್ನು ಮೊಣಕೈಯಲ್ಲಿ ತಿವಿದ, ಮುರಿದ ಪಕ್ಕೆಗೇ. ಅವಳು ಉಸಿರು ಸಿಗದೆ ಅಲ್ಲೇ ಕುಸಿದಳು. ಕಣ್ಣ ಮುಂದೆ, ತಮ್ಮನ ಜೇಬಿನಿಂದ ಬಿದ್ದ ಕೆಂಪು ಚಿಂದಿ ಇತ್ತು.

ಅವಳು ಅದನ್ನು ಎತ್ತಿಕೊಂಡಳು. ಕಂಬಿಯ ಅರೆಬೆಸುಗೆಯನ್ನು ನೋಡಿದಳು. ತಮ್ಮನನ್ನು ನೋಡಿದಳು. ವೆಲ್ಡರ್ ಅಪ್ಪನ ಮಗಳಿಗೆ ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ.

ಹೊಡೆದು ಹೊಡೆದು ಭಾವನಿಗೆ ಏದುಸಿರು ಬಂದಿತ್ತು. ಅಂಗಿಗೆ ಕೈ ಒರೆಸಿಕೊಂಡು ಕಂಬಿಯ ಕಡೆ ನಡೆದ. ವೆಲ್ಡರ್ ತೆವಳುತ್ತಾ ಒಂದು ಕೈ ಎತ್ತಿದ. ಕೂರಬೇಡ ಅನ್ನಬೇಕಿತ್ತು. ಮುರಿದ ದವಡೆ ಆಡಲಿಲ್ಲ, ಬರೀ ರಕ್ತ ಬಂತು.

"ಈಗ ಕಾಲು ಹಿಡೀತೀಯಾ?" ಭಾವ ನಕ್ಕ.

ಬೇಡ ಅನ್ನಲು ಬಾಯಿ ಉಳಿದಿದ್ದವಳು ಅಕ್ಕ ಒಬ್ಬಳೇ. ಪಕ್ಕೆ ಒತ್ತಿ ಹಿಡಿದುಕೊಂಡು ಎದ್ದು ನಿಂತಳು. ಹನ್ನೆರಡು ವರ್ಷ ಅವನ ಜೊತೆ ಆಡಿದ ತಣ್ಣನೆಯ ದನಿಯಲ್ಲೇ ಆಡಿದಳು.

"ಕೂತ್ಕೊಳ್ಳಿ. ನಿಮಗೂ ಸುಸ್ತಾಗಿದೆ."

ಭಾವ ಹಿಂದಕ್ಕೆ ಕೈಯೂರಿ ಎಗರಿ ಕೂತ. ಒಂದು ಕಾಲು ಅಲ್ಲಾಡಿಸುವಷ್ಟು ಹೊತ್ತು ಇದ್ದ. ಆಮೇಲೆ ಕಂಬಿಯೂ ಇರಲಿಲ್ಲ, ಅವನೂ ಇರಲಿಲ್ಲ. ಕೆಳಗೆ ಬಂಡೆಗೆ ಎರಡು ಸಲ ಬಡಿದ ಸದ್ದು ಕೇಳಿತು.

ಅಕ್ಕ ಅಂಚಿಗೆ ಹೋಗಿ ಬಗ್ಗಿ ನೋಡಲಿಲ್ಲ. ಉಳಿದ ಕಂಬಕ್ಕೆ ಕೆಂಪು ಚಿಂದಿಯನ್ನು ಸುತ್ತಿ, ಅಪ್ಪ ಹಾಕುತ್ತಿದ್ದ ಹಾಗೆ ಎರಡು ಗಂಟು ಹಾಕಿ ಎಳೆದು ನೋಡಿದಳು. ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಖ ಒರೆಸಿದಳು.

"ನೀನು ನಿನ್ನೆನೇ ಕಟ್ಟಿದ್ದೆ. ಅವರು ನೋಡ್ಲಿಲ್ಲ" ಅಂದಳು.

ಅವನು ಅಳುತ್ತಾ ತಲೆ ಅಲ್ಲಾಡಿಸಿದ. ಅವಳು ಅವನ ಗದ್ದ ಹಿಡಿದು ನಿಲ್ಲಿಸಿದಳು. ಆಮೇಲೆ ಜನ ಓಡಿ ಬರುವ ಹಾಗೆ ಕೂಗಿಕೊಂಡಳು.